‘ಡೀಫಾಲ್ಟ್ ಆಫ್ ಇದೆಯಲ್ಲ, ಮರ್ಜ್ ಮಾಡು’ ಅಂದ್ರೆ ಒಪ್ಕೋಬೇಕಾ? ಹೊಸ ಕಮಾಂಡ್‌ಲೈನ್ ಆಪ್ಷನ್ ರಿವ್ಯೂ ಮಾಡೋದರ ಬಗ್ಗೆ

ಪ್ರಶ್ನೆ: ಒಂದು ಚಿಕ್ಕ ಓಪನ್ ಸೋರ್ಸ್ ಟೂಲ್‌ಗೆ ಎಂಟು ತಿಂಗಳಿಂದ ಮೇಂಟೇನರ್ ಆಗಿದೀನಿ. ಫೋಟೋಗಳನ್ನ ತೆಗೆದ ದಿನಾಂಕ ನೋಡಿ ಫೋಲ್ಡರ್‌ಗಳಿಗೆ ಕಾಪಿ ಮಾಡೋ ಪೈಥಾನ್ ಟೂಲ್, ಆಪ್ಷನ್‌ಗಳನ್ನ ಓದೋಕೆ ಪೈಥಾನ್ ಜೊತೇಲೇ ಬರೋ ಆರ್ಗ್‌ಪಾರ್ಸ್ ಬಳಸ್ತೀವಿ. --ಮೂವ್ ಅಂತ ಕೊಟ್ರೆ ಕಾಪಿ ಆದ್ಮೇಲೆ ಮೂಲ ಫೈಲ್ ಡಿಲೀಟ್ ಆಗತ್ತೆ. ಈಗ ಒಬ್ರು --ಇಗ್ನೋರ್-ಎರರ್ಸ್ ಅನ್ನೋ ಹೊಸ ಆಪ್ಷನ್, ಶಾರ್ಟ್ ಆಗಿ -ಐ, ಸೇರಿಸೋ ಪಿಆರ್ (ಈ ಬದಲಾವಣೆ ಮರ್ಜ್ ಮಾಡಿ, ಅಂದ್ರೆ ಮುಖ್ಯ ಕೋಡಿಗೆ ಸೇರಿಸ್ಕೊಳ್ಳಿ ಅನ್ನೋ ಮನವಿ) ಕಳ್ಸಿದಾರೆ. ಸದ್ಯಕ್ಕೆ ಒಂದೇ ಒಂದು ಫೈಲ್ ಓದೋಕಾಗ್ದಿದ್ರೂ ಟೂಲ್ ಅಲ್ಲೇ ನಿಂತ್ಬಿಡತ್ತೆ, ಸಾವಿರಾರು ಫೋಟೋ ಇದ್ದಾಗ ಇದು ನಿಜಕ್ಕೂ ತಲೆನೋವು. 40 ಲೈನ್ ಕೋಡ್, ಟೆಸ್ಟ್ ಇದೆ, ಟೆಸ್ಟ್‌ಗಳನ್ನ ತಾನಾಗೇ ಓಡ್ಸೋ ಸಿಐ ಹಸಿರು, ಮೂರು ಜನ ಥಂಬ್ಸ್ ಅಪ್ ಕೂಡ ಹಾಕಿದಾರೆ. ಜೊತೆ ಮೇಂಟೇನರ್ ಒಬ್ರು ‘ಡೀಫಾಲ್ಟ್ ಆಫ್ ಇದೆ, ಬೇಕಾದೋರು ಬಳಸ್ತಾರೆ, ಮರ್ಜ್ ಮಾಡು’ ಅಂತಾರೆ. ಇನ್ನೊಬ್ರು ‘ಆಗ್ಲೇ 12 ಆನ್-ಆಫ್ ಆಪ್ಷನ್ ಇದೆ, ಇನ್ನೊಂದು ಬೇಡ್ವೇ ಬೇಡ’ ಅಂತಾರೆ. ನಂಗೆ ಏನೋ ಸರಿ ಇಲ್ಲ ಅನ್ಸ್ತಿದೆ, ಏನು ಅಂತ ಬೆರಳಿಟ್ಟು ತೋರ್ಸೋಕಾಗ್ತಿಲ್ಲ. ಇಂಥದ್ದನ್ನ ರಿವ್ಯೂ ಮಾಡೋದು ಹೇಗೆ? ಬೇಡ ಅನ್ನೋದಾದ್ರೆ ಕಳ್ಸಿದವ್ರಿಗೆ ಬೇಜಾರಾಗ್ದಂಗೆ ಹೇಳೋದು ಹೇಗೆ? ಪ್ಯಾಚ್ ಜೊತೇಲಿ ಕಳ್ಸಿದೀನಿ.

ಉತ್ತರ:

ನಿಮ್ಗೆ ಅನ್ಸಿದ್ದು ಸರಿ ಇದೆ. ಪ್ಯಾಚ್ ಓದ್ದೆ, ಈಗಿರೋ ಹಾಗೇ ಮರ್ಜ್ ಮಾಡಿದ್ರೆ ಒಂದಲ್ಲ ಒಂದಿನ ಯಾರದ್ದೋ ಫೋಟೋ ಹೋಗತ್ತೆ, ಹೆದರ್ಸೋಕೆ ಹೇಳ್ತಿಲ್ಲ, ಯಾವ ಲೈನ್‌ನಲ್ಲಿ ಅಂತ ಕೆಳಗೆ ತೋರಿಸ್ತೀನಿ. ಆದ್ರೆ ಅದನ್ನ ಬರೀ ಕೋಡಿನ ತಪ್ಪು ಅಂತ ತಿದ್ದಿ ಮುಗಿಸ್ಬೇಡಿ, ಯಾಕಂದ್ರೆ ಆ ತಪ್ಪು ಹುಟ್ಟಿದ್ದೇ ಆಪ್ಷನ್‌ನ ಹೆಸರಿಂದ. ‘ಎರರ್ಸ್ ಇಗ್ನೋರ್ ಮಾಡು’ ಅಂದ್ರೆ ಯಾವ ಎರರ್? ಥಂಬ್ಸ್ ಅಪ್ ಹಾಕಿದವ್ರು ಕೇಳ್ಲಿಲ್ಲ, ಬರೆದವ್ರೂ ತಮ್ಮನ್ನ ತಾವು ಕೇಳ್ಕೊಳ್ಲಿಲ್ಲ, ಹಾಗಾಗಿ ಕೋಡು ಸಿಕ್ಕಿದ್ದೆಲ್ಲಾ ನುಂಗ್ತಾ ಇದೆ.

ನಿಮ್ಮ ಇಬ್ರು ಸಹೋದ್ಯೋಗಿಗಳಲ್ಲಿ ಮೊದಲನೆಯವ್ರ ಮಾತು ತಗೊಳ್ಳೋಣ. ಡೀಫಾಲ್ಟ್ ಆಫ್ ಇದ್ರೆ ತೊಂದ್ರೆ ಇಲ್ಲ ಅನ್ನೋದು ನಾನೂ ತುಂಬಾ ವರ್ಷ ನಂಬಿದ್ದ ಮಾತು. ನಾನು ನೋಡ್ಕೊಳ್ತಿದ್ದ ಒಂದು ಬ್ಯಾಕಪ್ ಟೂಲ್‌ಗೆ --ಕ್ವಯಟ್ ಅಂತ ಒಂದು ಆಪ್ಷನ್ ಬಂತು, ಪ್ರೋಗ್ರೆಸ್ ಮೆಸೇಜ್ ಎಲ್ಲಾ ನಿಲ್ಸೋದು, ಡೀಫಾಲ್ಟ್ ಆಫ್, ಐದು ನಿಮಿಷದಲ್ಲಿ ಅಪ್ರೂವ್ ಮಾಡ್ದೆ. ಅದು ಎರರ್ ಮೆಸೇಜನ್ನೂ ನಿಲ್ಲಿಸ್ತಿತ್ತು, ನಾನು ಗಮನಿಸ್ಲಿಲ್ಲ. ಒಬ್ರು ಅದನ್ನ ಹೊತ್ತಿಗೆ ಸರಿಯಾಗಿ ಕಮಾಂಡ್ ಓಡ್ಸೋ ಕ್ರಾನ್‌ನಲ್ಲಿ ಹಾಕಿದ್ರು, ಕ್ರಾನ್‌ನಿಂದ ದಿನಾ ಮೇಲ್ ಬರೋದು ನಿಲ್ಲಲಿ ಅಂತ. ಮೇಲ್ ನಿಂತಿತು. ಬ್ಯಾಕಪ್ಪೂ ನಿಂತಿತ್ತು, ಅದು ಗೊತ್ತಾಗಿದ್ದು ಡಿಸ್ಕ್ ಹೋದ ದಿನ. ಬೈಯ್ಲಿಲ್ಲ ಪಾಪ, ಒಂದು ಇಶ್ಯೂ ಓಪನ್ ಮಾಡಿ ‘ಕ್ವಯಟ್ ಅಂದ್ರೆ ಇಷ್ಟೊಂದು ಕ್ವಯಟ್ ಅಂತ ಅಂದ್ಕೊಂಡಿರ್ಲಿಲ್ಲ’ ಅಂತ ಬರೆದಿದ್ರು. ಈಗ್ಲೂ ಹೊಸ ಆಪ್ಷನ್ ಬಂದಾಗೆಲ್ಲ ಆ ಸಾಲು ನೆನಪಾಗತ್ತೆ.

ಡೀಫಾಲ್ಟ್ ಆಫ್ ಅಂದ್ರೆ ಇವತ್ತಿನ ಬಳಕೆದಾರರಿಗೆ ಏನೂ ಬದಲಾಗಲ್ಲ ಅಂತ ಅಷ್ಟೇ, ಆನ್ ಮಾಡಿದವ್ರಿಗೆ ಏನಾಗತ್ತೆ ಅನ್ನೋ ಪ್ರಶ್ನೆ ಹಾಗೇ ಉಳ್ಕೊಳ್ಳತ್ತೆ. ಅದೂ ಅಲ್ದೆ ಆಪ್ಷನ್ ಒಂಟಿಯಾಗಿ ಬರಲ್ಲ. 12 ಆನ್-ಆಫ್ ಆಪ್ಷನ್ ಇದ್ರೆ 4096 ಜೋಡಣೆ ಸಾಧ್ಯ, 13ನೇದು ಬಂದ್ರೆ 8192. ಅಷ್ಟೂ ಟೆಸ್ಟ್ ಮಾಡಿ ಅಂತ ಹೇಳ್ತಿಲ್ಲ, ಯಾರೂ ಮಾಡಲ್ಲ. ನಾನು ಮಾಡೋದು ಇಷ್ಟು, ಒಂದು ಹಾಳೆ ತಗೊಂಡು ಹಳೇ ಆಪ್ಷನ್‌ಗಳನ್ನ ಒಂದರ ಕೆಳಗೆ ಒಂದು ಬರೆದು, ಪ್ರತಿಯೊಂದರ ಮುಂದೆ ‘ಇದೂ ಹೊಸದೂ ಎರಡೂ ಕೊಟ್ರೆ?’ ಅಂತ ಒಂದು ಸಾಲಿನ ಉತ್ತರ ಬರೀತೀನಿ. ಹತ್ತಕ್ಕೆ ‘ಸಂಬಂಧ ಇಲ್ಲ’ ಅಂತ ಬರತ್ತೆ. ಉಳಿದ ಒಂದೆರಡರಲ್ಲೇ ಇರತ್ತೆ ವಿಷ್ಯ.

ನಿಮ್ಮ ಟೂಲ್‌ನಲ್ಲಿ ಅದು --ಮೂವ್. ಪ್ಯಾಚ್ ತೆಗೆದು ನೋಡಿ: ಟ್ರೈ ಬ್ಲಾಕ್ ಒಳಗೆ ಕಾಪಿ ಮಾಡೋದು, ಎರಡೂ ಫೈಲ್ ಒಂದೇನಾ ಅಂತ ಚೆಕ್‌ಸಮ್ ತಾಳೆ ನೋಡೋದು ಎರಡೇ ಇದೆ, ಎಕ್ಸೆಪ್ಟ್‌ನಲ್ಲಿ ಓಎಸ್‌ಎರರ್ (ಫೈಲ್, ಡಿಸ್ಕ್ ಕೆಲಸದಲ್ಲಿ ಸಿಸ್ಟಮ್ ಕೊಡೋ ಎರರ್) ಹಿಡಿದು ಆಪ್ಷನ್ ಆನ್ ಇದ್ರೆ ಸುಮ್ನೆ ಪಾಸ್, ಮತ್ತೆ ಮೂಲ ಫೈಲ್ ಡಿಲೀಟ್ ಮಾಡೋ ಲೈನು ಈ ಬ್ಲಾಕಿನ ಹೊರಗೆ ಕೆಳಗಿದೆ. ಮೊದಲು ಇದ್ರಿಂದ ಏನೂ ಆಗ್ತಿರ್ಲಿಲ್ಲ, ಎರರ್ ಬಂದ್ರೆ ಟೂಲೇ ನಿಲ್ತಿತ್ತಲ್ಲ, ಡಿಲೀಟ್ ಲೈನ್‌ವರೆಗೆ ಬರ್ತಾನೇ ಇರ್ಲಿಲ್ಲ. ಈಗ? ಡೆಸ್ಟಿನೇಷನ್ ಡಿಸ್ಕ್ ಅರ್ಧದಲ್ಲಿ ತುಂಬ್ತು ಅಂದ್ಕೊಳ್ಳಿ, ಅರ್ಧ ಕಾಪಿಯಾದ ಫೋಟೋ ಅಲ್ಲಿ ಬಿದ್ದಿರತ್ತೆ, ಎರರ್ ನುಂಗಿದ್ದಾಯ್ತು, ಮುಂದಿನ ಲೈನು ಮೂಲ ಫೈಲ್ ಅಳಿಸತ್ತೆ. ಆಮೇಲೆ ಬರೋ ಪ್ರತಿ ಫೋಟೋಗೂ ಇದೇ ಗತಿ, ಕಾಪಿ ಫೇಲ್, ಅಳಿಸು, ಕಾಪಿ ಫೇಲ್, ಅಳಿಸು. ಕೊನೇಲಿ ಎಕ್ಸಿಟ್ ಕೋಡ್, ಅಂದ್ರೆ ಟೂಲ್ ಮುಗಿದಾಗ ವಾಪಸ್ ಕೊಡೋ ಅಂಕಿ, ಸೊನ್ನೆ! ಎಲ್ಲಾ ಚೆನ್ನಾಗಾಯ್ತು ಅಂತ ಅರ್ಥ.

ಪಾಸ್ ಇರೋ ಕಡೆ ಕಂಟಿನ್ಯೂ ಅಂತ ಬದಲಾಯಿಸಿದ್ರೆ ಡಿಲೀಟ್ ತಪ್ಪತ್ತೆ, ನಿಜ. ಆದ್ರೂ ಓಎಸ್‌ಎರರ್ ಅನ್ನೋದು ದೊಡ್ಡ ಚೀಲ. ಪರ್ಮಿಷನ್ ಇಲ್ಲ, ಫೈಲ್ ಅಷ್ಟರಲ್ಲಿ ಮಾಯ ಆಗಿದೆ, ಡಿಸ್ಕ್ ತುಂಬಿದೆ, ಡಿಸ್ಕೇ ಸಾಯ್ತಿದೆ, ಎಲ್ಲವೂ ಅದರೊಳಗೇ ಬರತ್ತೆ. ಪೈಥಾನ್ 3.3ರಿಂದ ಮೊದಲ ಎರಡಕ್ಕೆ ಪರ್ಮಿಷನ್‌ಎರರ್, ಫೈಲ್‌ನಾಟ್‌ಫೌಂಡ್‌ಎರರ್ ಅಂತ ಬೇರೆ ಕ್ಲಾಸ್ ಇದೆ, ಆದ್ರೆ ಡಿಸ್ಕ್ ತುಂಬಿದ್ದಕ್ಕೆ ಪ್ರತ್ಯೇಕ ಕ್ಲಾಸ್ ಇಲ್ಲ, ಎರರ್ ನಂಬರ್ ನೋಡಿಯೇ ಗುರುತಿಸ್ಬೇಕು. ಪ್ಯಾಚ್ ಕಳ್ಸಿದವ್ರಿಗೆ ಬೇಕಾಗಿದ್ದು ಮೊದಲ ಎರಡು ಮಾತ್ರ ಅಂತ ಅವ್ರ ವಿವರಣೆ ಓದಿದ್ರೇ ಗೊತ್ತಾಗತ್ತೆ. ಒಂದು ಫೈಲಿಗೆ ಸಂಬಂಧಪಟ್ಟ ಎರರ್ ಬೇರೆ, ಇಡೀ ಕೆಲಸಕ್ಕೆ ಸಂಬಂಧಪಟ್ಟ ಎರರ್ ಬೇರೆ, ಮೊದಲನೇದಾದ್ರೆ ಮುಂದಿನ ಫೈಲಿಗೆ ಹೋಗೋದ್ರಲ್ಲಿ ಅರ್ಥ ಇದೆ, ಎರಡನೇದಾದ್ರೆ ಮುಂದೆ ಹೋದಷ್ಟೂ ನಷ್ಟ. ಸಾಯ್ತಿರೋ ಡಿಸ್ಕನ್ನ ಇನ್ನೂ ಮೂರು ಗಂಟೆ ಓದ್ತಾ ಕೂತ್ರೆ ಅದು ಬೇಗ ಸಾಯತ್ತೆ, ಅಷ್ಟೇ.

ಹಾಗಾದ್ರೆ ಟೆಸ್ಟ್ ಹೇಗೆ ಪಾಸ್ ಆಯ್ತು ಅಂತೀರಾ, ಅದು ಇನ್ನೊಂದು ತಮಾಷೆ. ಟೆಸ್ಟ್‌ನಲ್ಲಿ ಒಂದು ಫೈಲಿಗೆ ಸಿಎಚ್‌ಮಾಡ್ 000 ಮಾಡಿ, ಅಂದ್ರೆ ಎಲ್ಲಾ ಪರ್ಮಿಷನ್ ತೆಗೆದು, ‘ಇದನ್ನ ಓದೋಕಾಗಲ್ಲ, ಆದ್ರೂ ಟೂಲ್ ಮುಂದುವರೀಬೇಕು’ ಅಂತ ಪರೀಕ್ಷೆ ಮಾಡಿದಾರೆ. ನಿಮ್ಮ ಸಿಐ ಕಂಟೇನರ್‌ನಲ್ಲಿ ರೂಟ್ (ಎಲ್ಲಾ ಅಧಿಕಾರ ಇರೋ ಯೂಸರ್) ಆಗಿ ಓಡತ್ತೆ, ಸಿಐ ಸೆಟ್ಟಿಂಗ್ ಫೈಲ್‌ನಲ್ಲಿ ನೋಡ್ದೆ. ರೂಟ್‌ಗೆ ಫೈಲ್ ಪರ್ಮಿಷನ್ ಲೆಕ್ಕಕ್ಕಿಲ್ಲ, ಆ ಫೈಲನ್ನ ಆರಾಮಾಗಿ ಓದತ್ತೆ. ಅಂದ್ರೆ ಎರರ್ ಬರ್ಲೇ ಇಲ್ಲ, ಹೊಸ ಕೋಡ್ ಓಡ್ಲೇ ಇಲ್ಲ, ಟೆಸ್ಟ್ ಹಸಿರು. ಇದು ಕಳ್ಸಿದವ್ರ ತಪ್ಪು ಅಂತ ಅನ್ಬೇಡಿ, ಅನುಭವಸ್ಥರೂ ಇದ್ರಲ್ಲಿ ಬೀಳ್ತಾರೆ. ಯಾವುದೇ ಟೆಸ್ಟ್‌ಗೆ ನಾನು ಮಾಡೋ ಮೊದಲ ಕೆಲಸ, ಹೊಸ ಕೋಡನ್ನ ಅಳಿಸಿ ಟೆಸ್ಟ್ ಮಾತ್ರ ಓಡ್ಸೋದು. ಆಗ್ಲೂ ಹಸಿರಾಗೇ ಇದ್ರೆ ಆ ಟೆಸ್ಟ್ ಏನನ್ನೂ ಕಾಯ್ತಿಲ್ಲ ಅಂತ.

ಈಗ ‘ಸರಿ ಹೋಗ್ಲಿಲ್ಲ ಅಂದ್ರೆ ಮುಂದೆ ತೆಗೀಬಹುದಲ್ಲ’ ಅನ್ನೋ ನಂಬಿಕೆ. ನಿಮ್ಮವ್ರು ಹೇಳಿಲ್ಲ, ಆದ್ರೆ ಮರ್ಜ್ ಮಾಡು ಅನ್ನೋರ ಮನಸ್ಸಲ್ಲಿ ಇದು ಇದ್ದೇ ಇರತ್ತೆ. ಆಪ್ಷನ್ ಹಾಕೋದು ಒಂದು ಮಧ್ಯಾಹ್ನದ ಕೆಲಸ, ತೆಗೆಯೋದು ವರ್ಷಗಳ ಕೆಲಸ. ಯಾರ ಸ್ಕ್ರಿಪ್ಟ್‌ನಲ್ಲಿ ಎಲ್ಲಿ ಸೇರ್ಕೊಂಡಿದೆ ಅಂತ ನಿಮ್ಗೆ ಕಾಣಲ್ಲ. ತೆಗೆಯೋದಿರ್ಲಿ, ಅರ್ಥ ಸ್ವಲ್ಪ ಬದಲಾಯಿಸಿದ್ರೂ ಕಷ್ಟ. ಲಿನಕ್ಸ್‌ನ ಮೂಲ ಕಮಾಂಡ್‌ಗಳ ಗುಂಪು ಗ್ನೂ ಕೋರ್‌ಯುಟಿಲ್ಸ್, ಅದರಲ್ಲಿ ಫೈಲ್ ಕಾಪಿ ಮಾಡೋ ಸಿಪಿ ಕಮಾಂಡ್‌ಗೆ -ಎನ್ ಅಂತ ಇದೆ, ಫೈಲ್ ಆಗ್ಲೇ ಇದ್ರೆ ಅದರ ಮೇಲೆ ಬರೀಬೇಡ ಅಂತ. 2023ರಲ್ಲಿ ಬಂದ 9.2 ಆವೃತ್ತಿಯಲ್ಲಿ, ಹಾಗೆ ಫೈಲ್ ಬಿಟ್ಟು ಮುಂದೆ ಹೋದ್ರೆ ಎಕ್ಸಿಟ್ ಕೋಡ್ ಸೊನ್ನೆ ಬೇಡ, ಫೇಲ್ ಅಂತ ಹೇಳೋಣ ಅಂತ ಬದಲಾಯಿಸಿದ್ರು. ಯೋಚ್ನೆ ಕೆಟ್ಟದ್ದೇನಲ್ಲ, ಬಿಎಸ್‌ಡಿ ಅನ್ನೋ ಇನ್ನೊಂದು ಯೂನಿಕ್ಸ್ ಕಡೆ ಹಾಗೇ ಇತ್ತು. ಆದ್ರೆ ಹಳೇ ನಡವಳಿಕೆ ನಂಬ್ಕೊಂಡಿದ್ದ ಸ್ಕ್ರಿಪ್ಟ್‌ಗಳು ಮುರಿದ್ವು, 2024ರ 9.5ರಲ್ಲಿ ಮತ್ತೆ ಹಳೇ ಥರಾನೇ ಮಾಡ್ಬೇಕಾಯ್ತು. ಒಂದು ಅಕ್ಷರದ ಆಪ್ಷನ್, ಬದಲಾಗಿದ್ದು ಬರೀ ಎಕ್ಸಿಟ್ ಕೋಡ್.

ನಿಮ್ಮ ಟೂಲ್‌ನಲ್ಲಿ ಹೊಸ ಆಪ್ಷನ್ ಸೇರಿಸಿದ್ರೆ ಹಳೇ ಬಳಕೆದಾರರಿಗೆ ಏನೂ ಆಗಲ್ಲ ಅಂತಾನೂ ಇಲ್ಲ, ಇದು ತುಂಬಾ ಜನಕ್ಕೆ ಗೊತ್ತಿರಲ್ಲ. ಆರ್ಗ್‌ಪಾರ್ಸ್ ಉದ್ದ ಆಪ್ಷನ್‌ಗಳ ಹೆಸರನ್ನ ಮೊಟಕು ಮಾಡಿ ಕೊಟ್ರೂ ಒಪ್ಕೊಳ್ಳತ್ತೆ, ಗೊಂದಲ ಇಲ್ದಿದ್ರೆ. ನಿಮ್ಮಲ್ಲಿ ಆಗ್ಲೇ --ಇಗ್ನೋರ್-ಹಿಡನ್ ಇದೆ, ಹಾಗಾಗಿ ಇವತ್ತು ಯಾರಾದ್ರೂ ಬರೀ --ಇಗ್ನೋರ್ ಅಂತ ಬರೆದ್ರೂ ಕೆಲಸ ಮಾಡತ್ತೆ. ನಾಳೆ --ಇಗ್ನೋರ್-ಎರರ್ಸ್ ಬಂದ ತಕ್ಷಣ ಅದೇ --ಇಗ್ನೋರ್ ಎರಡರಲ್ಲಿ ಯಾವುದು ಅಂತ ಗೊತ್ತಾಗ್ದೆ ಎರರ್ ಕೊಟ್ಟು ನಿಲ್ಲತ್ತೆ. ಯಾರು ಹಾಗೆ ಬರೀತಾರೆ ಅಂತ ನಗ್ಬೇಡಿ, ಬರೀತಾರೆ, ಒಮ್ಮೆ ಓಡಿದ್ರೆ ಸಾಕು ಹಾಗೇ ಬಿಡ್ತಾರೆ. ಪೈಥಾನ್ 3.5ರಿಂದ ಅಲೌ_ಅಬ್ರೀವ್ ಅನ್ನೋದನ್ನ ಫಾಲ್ಸ್ ಮಾಡಿದ್ರೆ ಈ ಮೊಟಕು ಸೌಲಭ್ಯ ನಿಲ್ಲಿಸ್ಬಹುದು, ಆದ್ರೆ ಈಗ ನಿಲ್ಸೋದೂ ಒಂದು ಮುರಿಯೋ ಬದಲಾವಣೆನೇ. ಹೊಸ ಟೂಲ್ ಶುರು ಮಾಡೋವಾಗ್ಲೇ ಮಾಡ್ಕೊಂಡಿರ್ಬೇಕು. ಸಿ ಭಾಷೆಯ ಗ್ನೂ ಗೆಟ್‌ಆಪ್ಟ್_ಲಾಂಗ್‌ಗೂ ಇದೇ ಸ್ವಭಾವ ಇದೆ.

-ಐ ಅಕ್ಷರಕ್ಕೆ ಬರೋಣ. ಇದಕ್ಕಂತೂ ನಾನು ಖಂಡಿತ ಬೇಡ ಅಂತೀನಿ. ಕಾಪಿ, ಮೂವ್, ಡಿಲೀಟ್ ಮಾಡೋ ಸಿಪಿ, ಎಂವಿ, ಆರ್‌ಎಂ ಮೂರರಲ್ಲೂ -ಐ ಅಂದ್ರೆ ‘ಮಾಡೋ ಮೊದ್ಲು ನನ್ನ ಕೇಳು’ ಅಂತ. ಫೈಲ್ ಕಾಪಿ ಮಾಡೋ ನಿಮ್ಮ ಟೂಲ್‌ಗೆ ಬರೋ ಮನುಷ್ಯ ಆ ಅಭ್ಯಾಸದಲ್ಲೇ ಬರ್ತಾನೆ, ಜಾಗ್ರತೆಗೆ ಅಂತ --ಮೂವ್ ಜೊತೆ -ಐ ಹಾಕ್ತಾನೆ, ಕೇಳತ್ತೆ ಅಂತ ಕಾಯ್ತಾನೆ, ಇದು ಕೇಳೋದಿರ್ಲಿ ಎರರನ್ನೂ ಮುಚ್ಚಿಡತ್ತೆ. ಹುಷಾರಾಗಿರೋನಿಗೇ ಹೆಚ್ಚು ಪೆಟ್ಟು. ಒಂದು ಅಕ್ಷರದ ಹೆಸರುಗಳು ಮೊದ್ಲೇ ಕಮ್ಮಿ, ಒಂದೊಂದು ಟೂಲ್‌ನಲ್ಲಿ ಒಂದೊಂದು ಅರ್ಥ ಬೇರೆ: -ಎನ್ ಅಂದ್ರೆ ಸಾರ್ಟ್‌ನಲ್ಲಿ ಅಂಕಿ ಪ್ರಕಾರ, ಒಂದು ಕಡೆಯ ಫೈಲ್‌ಗಳನ್ನ ಇನ್ನೊಂದು ಕಡೆಗೆ ಹೊಂದಿಸೋ ಆರ್‌ಸಿಂಕ್‌ನಲ್ಲಿ ಡ್ರೈ ರನ್ (ನಿಜಕ್ಕೂ ಮಾಡ್ದೆ ಬರೀ ತೋರ್ಸೋದು), ಸೆಡ್‌ನಲ್ಲಿ ತಾನಾಗೇ ಪ್ರಿಂಟ್ ಮಾಡ್ಬೇಡ ಅಂತ. ಹಾಗಾಗಿ ನನ್ನ ನಿಯಮ ಒಂದೇ, ಹೊಸ ಆಪ್ಷನ್‌ಗೆ ಮೊದಲ ದಿನ ಶಾರ್ಟ್ ಹೆಸರು ಇಲ್ಲ. ಒಂದು ವರ್ಷ ಆದ್ಮೇಲೆ ಜನ ಕೈನೋವು ಅಂತ ಕೇಳಿದ್ರೆ ಆಗ ಕೊಡೋಣ.

ಅಂದಹಾಗೆ ಈ -ಐ, --ಇಗ್ನೋರ್-ಎರರ್ಸ್ ಜೋಡಿ ಕಳ್ಸಿದವ್ರು ಎಲ್ಲಿಂದ ತಂದ್ರು ಅಂತ ನನ್ಗೊಂದು ಊಹೆ ಇದೆ. ಪ್ರೋಗ್ರಾಂ ಬಿಲ್ಡ್ ಮಾಡೋ ಗ್ನೂ ಮೇಕ್‌ನಲ್ಲಿ ಇದೇ ಎರಡು ಹೆಸರು ಹೀಗೇ ಇದೆ. ಆದ್ರೆ ಮೇಕ್‌ನಲ್ಲೇ ಪಕ್ಕದಲ್ಲಿ ಇನ್ನೊಂದಿದೆ, -ಕೆ, ಉದ್ದ ಹೆಸರು --ಕೀಪ್-ಗೋಯಿಂಗ್. ಇವೆರಡರ ವ್ಯತ್ಯಾಸ ನಿಮ್ಮ ಇಡೀ ಪ್ರಶ್ನೆಗೆ ಉತ್ತರ ಅಂದ್ರೂ ಆಗತ್ತೆ. -ಐ ಕೊಟ್ರೆ ಕಮಾಂಡ್ ಫೇಲಾದ್ರೂ ಆಗ್ಲೇ ಇಲ್ಲ ಅನ್ನೋ ಹಾಗೆ ಮುಂದೆ ಹೋಗತ್ತೆ. -ಕೆ ಕೊಟ್ರೆ ಫೇಲಾಗಿದ್ದನ್ನ ಫೇಲ್ ಅಂತಾನೇ ಇಟ್ಕೊಂಡು, ಅದರ ಮೇಲೆ ನಿಂತಿರೋದನ್ನೆಲ್ಲ ಬಿಟ್ಟು, ಸಂಬಂಧ ಇಲ್ದಿರೋ ಉಳಿದ ಕೆಲಸ ಮಾತ್ರ ಮುಗಿಸಿ, ಕೊನೇಲಿ ಫೇಲ್ ಕೋಡ್ ಕೊಟ್ಟೇ ಹೊರಗೆ ಬರತ್ತೆ. ಒಂದು ಸುಳ್ಳು ಹೇಳತ್ತೆ, ಒಂದು ಹೇಳಲ್ಲ. ನಿಮ್ಮ ಬಳಕೆದಾರರಿಗೆ ಬೇಕಾಗಿರೋದು -ಕೆ, ಅವ್ರು ಕೇಳಿರೋದು -ಐ.

ಆರ್‌ಸಿಂಕ್‌ನಲ್ಲೂ ಒಂದು --ಇಗ್ನೋರ್-ಎರರ್ಸ್ ಇದೆ, ಅದರ ಅರ್ಥ ಮೂರನೇದೇ. ಆರ್‌ಸಿಂಕ್ --ಡಿಲೀಟ್ (ಈ ಕಡೆ ಇಲ್ದಿರೋ ಫೈಲನ್ನ ಆ ಕಡೆಯಿಂದ ಅಳಿಸು) ಜೊತೆ ಓಡ್ತಿರೋವಾಗ ಕಳ್ಸೋ ಕಡೆ ಓದೋಕೆ ಎರರ್ ಬಂದ್ರೆ ಡಿಲೀಟ್ ಮಾಡೋದನ್ನ ತಾನೇ ನಿಲ್ಲಿಸ್ಬಿಡತ್ತೆ, ನೆಟ್‌ವರ್ಕ್ ಡಿಸ್ಕ್ ಒಂದು ಕ್ಷಣ ಕೈಕೊಟ್ಟಿದ್ದಕ್ಕೆ ಆ ಕಡೆ ಇರೋದೆಲ್ಲ ಅಳಿಸಿಹೋಗ್ಬಾರ್ದು ಅಂತ. --ಇಗ್ನೋರ್-ಎರರ್ಸ್ ಕೊಟ್ರೆ ಆ ಕಾವಲು ತೆಗೆದು ಡಿಲೀಟ್ ಮಾಡೇ ಮಾಡತ್ತೆ. ನಾನು ಇಲ್ಲಿ ಮೆಚ್ಚೋದು ಆ ಡೀಫಾಲ್ಟನ್ನ, ನಿಮ್ಮ --ಮೂವ್‌ಗೂ ಬೇಕಾಗಿರೋದು ಇದೇ ಬುದ್ಧಿ. ಎಕ್ಸಿಟ್ ಕೋಡ್‌ನಲ್ಲೂ ಅದು ಅಚ್ಚುಕಟ್ಟು, ಒಂದಷ್ಟು ಫೈಲ್ ಹೋಗ್ಲಿಲ್ಲ ಅಂದ್ರೆ 23, ಮಧ್ಯದಲ್ಲಿ ಫೈಲ್ ಮಾಯ ಆಗಿದ್ರೆ 24. ಸ್ಕ್ರಿಪ್ಟ್ ಬರೆಯೋನು 24 ಬಂದ್ರೆ ಪರ್ವಾಗಿಲ್ಲ ಅಂತ ತಾನೇ ತೀರ್ಮಾನ ಮಾಡ್ಬಹುದು. ಇಗ್ನೋರ್ ಮಾಡೋ ಹಕ್ಕು ಬಳಸೋನ ಹತ್ರ ಇರ್ಬೇಕು, ಟೂಲ್ ಹತ್ರ ಅಲ್ಲ.

ಹಾಗಂತ ನಿಮ್ಮ ಎರಡನೇ ಸಹೋದ್ಯೋಗಿ ಹೇಳೋ ‘ಬೇಡ್ವೇ ಬೇಡ’ಕ್ಕೂ ನಾನು ಒಪ್ಪಲ್ಲ. ಆಪ್ಷನ್‌ಗಳ ಸಂಖ್ಯೆಯೇ ರೋಗ ಅನ್ನೋದು ಹಳೇ ವಾದ, 1983ರಲ್ಲೇ ಯೂನಿಕ್ಸ್ ಪ್ರೋಗ್ರಾಮರ್ ರಾಬ್ ಪೈಕ್, ಫೈಲ್ ತೋರ್ಸೋ ಕ್ಯಾಟ್ ಕಮಾಂಡ್‌ನ -ವಿ ಆಪ್ಷನ್ ಇಟ್ಕೊಂಡು ಇದನ್ನ ಹೇಳಿದ್ರು, ಒಂದು ಟೂಲ್ ಒಂದು ಕೆಲಸ ಮಾಡ್ಬೇಕು ಅಂತ. ಆದ್ರೆ ನೆಟ್‌ನಿಂದ ಡೇಟಾ ತರೋ ಕರ್ಲ್ ನೋಡಿ, 1998ರಲ್ಲಿ ಶುರುವಾದಾಗ 24 ಆಪ್ಷನ್ ಇತ್ತು, ಈಗ 250 ದಾಟಿದೆ, ಜಗತ್ತೇ ಬಳಸತ್ತೆ. 13 ಆಯ್ತು ಅಂತ ನಿಮ್ಮ ಟೂಲ್ ಮುಳುಗಲ್ಲ. ಬೇಡ ಅಂತ ಮುಚ್ಚಿಬಿಟ್ರೆ ಜನ ಫೈಲ್ ಹುಡುಕೋ ಫೈಂಡ್, ಸಿಕ್ಕಿದ್ದನ್ನ ಇನ್ನೊಂದು ಕಮಾಂಡ್‌ಗೆ ಕೊಡೋ ಎಕ್ಸ್‌ಆರ್ಗ್ಸ್ ಸೇರಿಸಿ ಒಂದೊಂದೇ ಫೈಲ್ ಕೊಟ್ಟು ಓಡಿಸ್ತಾರೆ. ಅದೂ ಒಂದು ದಾರಿನೇ, ಒಂದು ಫೇಲಾದ್ರೂ ಎಕ್ಸ್‌ಆರ್ಗ್ಸ್ ಉಳಿದದ್ದನ್ನ ಓಡಿಸಿ ಕೊನೇಲಿ 123 ಅಂತ ಕೋಡ್ ಕೊಡತ್ತೆ, ಆದ್ರೆ ಪ್ರತಿ ಫೋಟೋಗೂ ಪೈಥಾನ್ ಹೊಸದಾಗಿ ಎದ್ದು ಕೂತ್ಕೊಳ್ಬೇಕು, ಸಾವಿರಾರು ಫೋಟೋಗೆ ಅದು ಶಿಕ್ಷೆ. ಸಮಸ್ಯೆ ನಿಜ ಇದ್ದಾಗ ಬಾಗಿಲು ಹಾಕ್ಬಾರ್ದು.

ಹಾಗಾದ್ರೆ ನಿಮ್ಮ ಮುಂದೆ ಇರೋ ದಾರಿ ಯಾವ್ದು? ಒಂದು, ಆಪ್ಷನ್ನೇ ಇಲ್ದೆ ಡೀಫಾಲ್ಟ್ ಬದಲಾಯಿಸೋದು, ಅಂದ್ರೆ ಓದೋಕಾಗ್ದಿರೋ ಫೈಲ್ ಬಿಟ್ಟು ಮುಂದೆ ಹೋಗಿ ಕೊನೇಲಿ ಪಟ್ಟಿ ಕೊಟ್ಟು ಫೇಲ್ ಕೋಡ್‌ನಿಂದ ಹೊರಬರೋದು. ಮನಸ್ಸಿಗೆ ನನ್ಗೆ ಇದೇ ಇಷ್ಟ, ಇಂಥ ಟೂಲ್ ಮೊದಲ ದಿನದಿಂದ ಹೀಗೇ ಇರ್ಬೇಕಿತ್ತು. ಅಪಾಯ ಏನಂದ್ರೆ ಮೊದಲ ಎರರ್‌ಗೇ ನಿಲ್ಲತ್ತೆ ಅಂತ ನಂಬಿರೋರು ಇದ್ದಾರು. ಟೂಲ್ ಸರಿಯಾಗಿ ಮುಗಿದ್ರೆ ಮಾತ್ರ ಕಾರ್ಡ್ ಫಾರ್ಮ್ಯಾಟ್ ಮಾಡು ಅಂತ ಬರೆದಿರೋರಿಗೆ ಫೇಲ್ ಕೋಡ್ ಕಾಪಾಡತ್ತೆ, ಎಕ್ಸಿಟ್ ಕೋಡ್ ನೋಡ್ದೆ ಸ್ಕ್ರೀನ್ ನೋಡೋರಿಗೆ ಕಾಪಾಡಲ್ಲ. ಅದಕ್ಕೆ ಮುಂದಿನ ಮೇಜರ್ ಆವೃತ್ತಿವರೆಗೆ ಕಾಯಿರಿ.

ಇನ್ನೊಂದು, ನಾನು ನಿಮ್ಗೆ ಈಗ ಹೇಳೋದು: ಹೆಸರು --ಕೀಪ್-ಗೋಯಿಂಗ್, ಶಾರ್ಟ್ ಇಲ್ಲ, ಮೂಲ ಫೈಲ್ ಓದೋವಾಗ ಬರೋ ಪರ್ಮಿಷನ್ ಎರರ್ ಮತ್ತೆ ಮಾಯವಾದ ಫೈಲ್ ಇವೆರಡಕ್ಕೆ ಮಾತ್ರ, ಬರೆಯೋ ಕಡೆ ಯಾವ ಎರರ್ ಬಂದ್ರೂ ನಿಲ್ಲೋದು, ಬಿಟ್ಟ ಫೈಲ್‌ಗಳ ಹೆಸರು ಎಸ್‌ಟಿಡಿಎರರ್‌ಗೆ (ಎರರ್ ಮೆಸೇಜ್ ಹೋಗೋ ದಾರಿಗೆ), ಒಂದೇ ಒಂದು ಬಿಟ್ಟಿದ್ರೂ ಎಕ್ಸಿಟ್ ಕೋಡ್ ಸೊನ್ನೆ ಅಲ್ಲ, ತಾಳೆ ಆಗ್ದಿರೋ ಫೈಲಿನ ಮೂಲ ಯಾವತ್ತೂ ಅಳಿಸಲ್ಲ. ಮುಂದೆ ಡೀಫಾಲ್ಟ್ ಬದಲಾಯಿಸಿದ್ರೂ ಈ ಹೆಸರು ಸುಮ್ನೆ ಏನೂ ಮಾಡ್ದೆ ಇದ್ಬಿಡ್ಬಹುದು, ಯಾರ ಸ್ಕ್ರಿಪ್ಟೂ ಮುರಿಯಲ್ಲ. ಕಷ್ಟ ಅಂದ್ರೆ ‘ನಂಗೆ ಟೈಮ್‌ಔಟ್ ಎರರ್‌ಗೂ ಬೇಕಿತ್ತು’ ಅಂತ ನಾಳೆ ಒಬ್ರು ಬರ್ತಾರೆ. ಬರ್ಲಿ, ಕಿರಿದಾಗಿ ಕೊಟ್ಟಿದ್ದನ್ನ ಆಮೇಲೆ ಅಗಲ ಮಾಡೋದು ಸುಲಭ, ಉಲ್ಟಾ ಆಗಲ್ಲ.

ಕೆಲವ್ರು ‘ಎಕ್ಸ್‌ಪೆರಿಮೆಂಟಲ್ ಅಂತ ಲೇಬಲ್ ಹಾಕಿ ಬಿಡಿ’ ಅಂತಾರೆ. ಆ ಲೇಬಲ್ ಓದೋರು ಯಾರೂ ಇಲ್ಲ.

ಇನ್ನು ಬೇಜಾರಾಗ್ದಂಗೆ ಹೇಳೋದು. ಇಲ್ಲಿ ನೀವು ಬೇಡ ಅಂತ ಹೇಳ್ತಾನೇ ಇಲ್ಲ, ಆದ್ರೂ 40 ಲೈನ್‌ಗೆ ಹದಿನೈದು ಕಾಮೆಂಟ್ ಹಾಕಿದ್ರೆ ಯಾರಿಗಾದ್ರೂ ಮುಖ ಚಿಕ್ಕದಾಗತ್ತೆ. ಮೊದ್ಲು ಕೋಡ್ ಬಗ್ಗೆ ಒಂದು ಅಕ್ಷರ ಬರೀಬೇಡಿ. ನಾನಾದ್ರೆ ಹೀಗೆ ಬರೀತೀನಿ: ‘ಸಮಸ್ಯೆ ನಮ್ಗೂ ಗೊತ್ತು, ಇದನ್ನ ಸರಿ ಮಾಡ್ಬೇಕು ಅಂತ ನಮ್ಗೂ ಇದೆ, ಥ್ಯಾಂಕ್ಸ್. ಕೋಡ್ ನೋಡೋ ಮೊದ್ಲು ಎರಡು ವಿಷ್ಯ ತೀರ್ಮಾನ ಮಾಡ್ಕೊಳ್ಳೋಣ. ನಿಮ್ಗೆ ಟೂಲ್ ನಿಂತಾಗ ಬಂದ ಎರರ್ ಯಾವ್ದು, ಸಾಧ್ಯ ಆದ್ರೆ ಔಟ್‌ಪುಟ್ ಹಾಕ್ತೀರಾ? ಮತ್ತೆ ಹೆಲ್ಪ್‌ನಲ್ಲಿ ಬರೋ ಸಾಲನ್ನ, --ಮೂವ್ ಜೊತೆ ಕೊಟ್ರೆ ಏನಾಗತ್ತೆ ಅನ್ನೋದೂ ಸೇರಿಸಿ, ಒಮ್ಮೆ ಬರೆದು ತೋರಿಸ್ತೀರಾ?’

ಆ ಹೆಲ್ಪ್ ಸಾಲು ಬರೆಸೋದು ನನ್ನ ಹಳೇ ಉಪಾಯ. ‘ಎರರ್‌ಗಳನ್ನ ಇಗ್ನೋರ್ ಮಾಡತ್ತೆ’ ಅಂತ ಬರೆದು ಕಳಿಸೋಕೆ ಅವ್ರಿಗೇ ಮುಜುಗರ ಆಗತ್ತೆ, ‘ಆದ್ರೆ ಡಿಸ್ಕ್ ತುಂಬಿದ್ರೆ’, ‘ಆದ್ರೆ ಮೂವ್ ಇದ್ರೆ’ ಅಂತ ಸೇರಿಸ್ತಾ ಹೋಗ್ತಾರೆ, ನಾಲ್ಕನೇ ಆದ್ರೆಗೆ ಬರೋ ಹೊತ್ತಿಗೆ ಹೆಸರು ಬದಲಾಯಿಸೋಣ್ವಾ ಅಂತ ಅವ್ರೇ ಕೇಳ್ತಾರೆ. ಕೇಳ್ಲಿಲ್ಲ ಅಂದ್ರೆ ನೀವು ಮೇಕ್‌ನ -ಕೆ ತೋರಿಸಿ. ಡಿಲೀಟ್ ಲೈನ್ ವಿಷ್ಯ ಮಾತ್ರ ಕಾಯಿಸ್ಬೇಡಿ, ಆ ಪಿಆರ್ ಬ್ರಾಂಚನ್ನ ಥಂಬ್ಸ್ ಅಪ್ ಹಾಕಿದ ಮೂವರಲ್ಲಿ ಯಾರಾದ್ರೂ ಆಗ್ಲೇ ಇನ್‌ಸ್ಟಾಲ್ ಮಾಡ್ಕೊಂಡಿರ್ಬಹುದು, ಇವತ್ತೇ ಒಂದು ಸಾಲು ಹಾಕಿ, --ಮೂವ್ ಜೊತೆ ಬಳಸ್ಬೇಡಿ ಅಂತ.

ಆಮೇಲೆ ಟೆಸ್ಟ್. ಸಿಐನಲ್ಲಿ ರೂಟ್ ಅಲ್ಲದ ಯೂಸರ್ ಆಗಿ ಓಡಿಸಿ, ಆಗದಿದ್ರೆ ರೂಟ್ ಇದ್ದಾಗ ಆ ಟೆಸ್ಟ್ ಸ್ಕಿಪ್ ಅಂತಾನಾದ್ರೂ ಕಾಣೋ ಹಾಗೆ ಮಾಡಿ. ಡಿಸ್ಕ್ ತುಂಬೋ ಸ್ಥಿತಿಗೆ ಲಿನಕ್ಸ್‌ನಲ್ಲಿ ಒಂದು ಎಂಬಿಯ ಟಿಎಂಪಿಎಫ್‌ಎಸ್ (ಮೆಮೊರಿಯಲ್ಲೇ ಇರೋ ತಾತ್ಕಾಲಿಕ ಡಿಸ್ಕ್) ಮೌಂಟ್ ಮಾಡಿ ಎರಡು ಎಂಬಿ ಫೋಟೋ ಅಲ್ಲಿಗೆ --ಮೂವ್ ಮಾಡಿ ನೋಡಿ, ಮೌಂಟ್ ಮಾಡೋಕೆ ಪರ್ಮಿಷನ್ ಇಲ್ದಿದ್ರೆ ಕಾಪಿ ಫಂಕ್ಷನ್ನನ್ನ ಮಾಕ್ ಮಾಡಿ (ಅದರ ಜಾಗದಲ್ಲಿ ನಕಲಿ ಇಟ್ಟು) ಡಿಸ್ಕ್ ತುಂಬಿದ ಎರರ್ ನಂಬರ್ ಎಸೆಯಿರಿ. ಟೂಲ್ ಓಡಿದ್ಮೇಲೆ ಮೂಲ ಫೋಲ್ಡರ್ ತೆಗೆದು ನೋಡಿ. ಈಗಿನ ಪ್ಯಾಚ್‌ನಲ್ಲಿ ಹೊಸ ಆಪ್ಷನ್ ಆನ್ ಇದ್ರೆ ಅದು ಖಾಲಿ ಇರತ್ತೆ.